ವಿಷುಯಲ್ ಫಾಕ್ಸ್‌ಪ್ರೋ 9: ಕಾಫಿ ಸೀಮೆಯಲ್ಲಿ ಇನ್ನೂ ಓಡುತ್ತಿರುವ ಹಳೇ ಡೇಟಾಬೇಸ್

ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರಿಗಳ ಲೆಕ್ಕ, ಎಸ್ಟೇಟುಗಳ ಚೆಕ್‌ರೋಲು (ಕೂಲಿಯಾಳುಗಳ ಹಾಜರಿ, ಕೂಲಿಯ ಪಟ್ಟಿ), ಸೊಸೈಟಿಗಳ ಸಾಲದ ಖಾತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಕೆಲಸ ನನ್ನದು. ಇವುಗಳಲ್ಲಿ ಸುಮಾರು ಜಾಗದಲ್ಲಿ ಈಗಲೂ ಓಡುತ್ತಿರುವುದು ವಿಷುಯಲ್ ಫಾಕ್ಸ್‌ಪ್ರೋ 9. ಬರೆದವರು ಬೆಂಗಳೂರಿಗೋ ಬೇರೆ ದೇಶಕ್ಕೋ ಹೋಗಿರುತ್ತಾರೆ. ಡಿಬಿಎಫ್ ಫೈಲುಗಳು (ಒಂದೊಂದೂ ಒಂದು ಟೇಬಲ್) ತುಂಬಿದ ಒಂದು ಫೋಲ್ಡರ್ ಮಾತ್ರ ಉಳಿದಿರುತ್ತದೆ. ಅದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಕೈಗೆ ಕೊಟ್ಟು "ಇದನ್ನ ಹೊಸದಕ್ಕೆ ಮಾಡಿ" ಅನ್ನುತ್ತಾರೆ. ಅಂಥವರು ಸಹಾಯಕ್ಕೆ ನನ್ನ ಹತ್ತಿರ ಬರುತ್ತಾರೆ. ಈ ವಿಮರ್ಶೆ ಅವರಿಗಾಗಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಪ್ರೋಗ್ರಾಂ ಇದರಲ್ಲಿ ಶುರು ಮಾಡಬೇಡಿ. ಆದರೆ ಹಳೇ ಫಾಕ್ಸ್‌ಪ್ರೋ ಡೇಟಾವನ್ನು ಅರ್ಥ ಮಾಡಿಕೊಳ್ಳಲು, ರಿಪೇರಿ ಮಾಡಲು, ಹೊರಗೆ ತೆಗೆಯಲು ಫಾಕ್ಸ್‌ಪ್ರೋಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಅದನ್ನು ಕಿತ್ತುಹಾಕುವ ಮೊದಲು ಸ್ವಲ್ಪ ಕಲಿಯಿರಿ.

ಹಿನ್ನೆಲೆ ಎರಡು ಮಾತಿನಲ್ಲಿ: ಫಾಕ್ಸ್ ಸಾಫ್ಟ್‌ವೇರ್ ಕಂಪನಿಯನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡಿತು. 9ನೇ ಆವೃತ್ತಿ ಬಂದಿದ್ದು 2004ರ ಕೊನೆಗೆ. ಮುಂದಿನ ಆವೃತ್ತಿ ಇಲ್ಲ ಅಂತ 2007ರಲ್ಲಿ ಹೇಳಿದರು. 2015ರ ಜನವರಿಗೆ ಸಪೋರ್ಟ್ ಪೂರ್ತಿ ನಿಂತಿತು. ಆದರೂ ವಿಂಡೋಸ್ 10, 11ರಲ್ಲಿ ಇದು ಓಡುತ್ತದೆ.

ಇದರ ದೊಡ್ಡ ಗುಣ ಕಮಾಂಡ್ ವಿಂಡೋ. ಟೇಬಲ್ ಹೆಸರು ಕೊಟ್ಟು 'ಯೂಸ್' ಅನ್ನಿ, 'ಬ್ರೌಸ್' ಅನ್ನಿ, ಇಡೀ ಚೆಕ್‌ರೋಲು ಕಣ್ಣ ಮುಂದೆ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಒಂದು ಸಲ ಎಸ್ಟೇಟೊಂದರ ರೈಟ್ರು (ಲೆಕ್ಕ ಬರೆಯುವವರು) ಕುಯ್ಲಿನ ಸಮಯದಲ್ಲಿ ಒಂದು ಲೈನಿನವರ (ಸಾಲುಮನೆಯ ಕೂಲಿಯಾಳುಗಳ) ತೂಕದ ಲೆಕ್ಕವನ್ನೇ ಡಿಲೀಟ್ ಮಾಡಿಬಿಟ್ಟಿದ್ದರು. ಮಾರನೇ ದಿನ ಬಟವಾಡೆ. ಫಾಕ್ಸ್‌ಪ್ರೋದಲ್ಲಿ ಡಿಲೀಟ್ ಅಂದರೆ ಸಾಲಿನ ಮೊದಲ ಬೈಟಿನಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೆ. ಸಾಲು ಅಲ್ಲೇ ಇರುತ್ತದೆ. 'ರೀಕಾಲ್ ಆಲ್' ಅಂದ ಕೂಡಲೇ ಎಲ್ಲ ವಾಪಸ್ ಬಂತು. ಸಾಹುಕಾರ್ರಿಗೂ ಸಮಾಧಾನ, ಲೈನಿನವರಿಗೂ ಸರಿಯಾದ ಕೂಲಿ. ಇದೇ ಕಾರಣಕ್ಕೆ, "ಸ್ಪೀಡ್ ಆಗ್ಲಿ" ಅಂತ ಸುಮ್ನೆ 'ಪ್ಯಾಕ್' ಕೊಡಬೇಡಿ. ಪ್ಯಾಕ್ ಕೊಟ್ಟ ಮೇಲೆ ಡಿಲೀಟ್ ಆದ ಸಾಲು ನಿಜವಾಗಿಯೂ ಹೋಗುತ್ತದೆ. 'ಝ್ಯಾಪ್' ಕೊಟ್ಟರಂತೂ ಇಡೀ ಟೇಬಲ್ಲೇ ಖಾಲಿ.

ನನಗೆ ತುಂಬ ಇಷ್ಟವಾದ ಇನ್ನೊಂದು ವಿಷಯವಿದೆ. ಇದರ ಫಾರಂ, ರಿಪೋರ್ಟ್ ಫೈಲುಗಳೂ ಟೇಬಲ್‌ಗಳೇ. ಎಫ್‌ಆರ್‌ಎಕ್ಸ್ ಅನ್ನುವ ರಿಪೋರ್ಟ್ ಫೈಲನ್ನು 'ಯೂಸ್' ಮಾಡಿ ಬ್ರೌಸ್ ಮಾಡಬಹುದು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಎಲ್ಲ ಬಿಲ್ಲುಗಳಲ್ಲೂ 'ವ್ಯಾಟ್' ಅಂತ ಅಚ್ಚಾಗುವ ಕಡೆ 'ಜಿಎಸ್‌ಟಿ' ಆಗಬೇಕಿತ್ತು. ಒಂದೊಂದೇ ರಿಪೋರ್ಟ್ ತೆಗೆದು ಕೂರಲಿಲ್ಲ. ಆಬ್ಜ್‌ಟೈಪ್ 5 ಇರುವ ಸಾಲು, ಅಂದರೆ ಬರೀ ಲೇಬಲ್, ಅದರಲ್ಲಿ ಮಾತ್ರ ಪದ ಬದಲಿಸುವ ಒಂದು 'ರೀಪ್ಲೇಸ್' ಬರೆದು ಎಲ್ಲ ಫೈಲಿಗೂ ಓಡಿಸಿದೆ. ತೆರಿಗೆಯ ಲೆಕ್ಕಾಚಾರ ಬೇರೆ ಕೆಲಸ, ಅದನ್ನು ಕೂತು ಬರೆಯಲೇಬೇಕಾಯಿತು. ಆದರೆ ಅಚ್ಚಿನ ಕೆಲಸ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು.

ಈಗ ಕಷ್ಟದ ಮಾತು. ಮಲೆನಾಡಿನ ಮಳೆಗಾಲ, ಕರೆಂಟು ಯಾವಾಗ ಹೋಗುತ್ತದೆ ಅಂತ ಗೊತ್ತಿಲ್ಲ. ಬರೆಯುತ್ತಿರುವಾಗಲೇ ಕಂಪ್ಯೂಟರ್ ಆಫ್ ಆದರೆ ಡಿಬಿಎಫ್ ಕೆಡುತ್ತದೆ. ಹಾಸನದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಟೇಬಲ್ ಓಪನ್ನೇ ಆಗ್ತಿಲ್ಲ, 2091 ಅಂತ ಎರರ್ ಬರ್ತಿದೆ. ಬ್ಯಾಕಪ್ ಹೋದ ತಿಂಗಳದ್ದು." ಹೆದರಬೇಡ ಅಂದೆ. ಇಂಥ ಕಡೆ ಡೇಟಾ ಬಹುಪಾಲು ಸರಿಯಾಗಿಯೇ ಇರುತ್ತದೆ. ಫೈಲಿನ ತಲೆಭಾಗದಲ್ಲಿ (ಹೆಡರ್) ಬರೆದ ಸಾಲುಗಳ ಸಂಖ್ಯೆಗೂ ಫೈಲಿನಲ್ಲಿರುವ ಸಾಲುಗಳಿಗೂ ತಾಳೆ ಬರುತ್ತಿಲ್ಲ, ಅಷ್ಟೇ.

ಇದನ್ನು ಕೈಯಿಂದಲೇ ಸರಿ ಮಾಡಬಹುದು. ಮೊದಲು ಫೈಲನ್ನು ಬೇರೆ ಕಡೆ ಕಾಪಿ ಮಾಡಿ, ಕಾಪಿಯ ಮೇಲೆಯೇ ಕೆಲಸ ಮಾಡಿ. ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆಗೆಯಿರಿ. ಸೊನ್ನೆಯಿಂದ ಎಣಿಸಿದರೆ 4ರಿಂದ 7ನೇ ಬೈಟಿನಲ್ಲಿ ಸಾಲುಗಳ ಸಂಖ್ಯೆ, 8 ಮತ್ತು 9ರಲ್ಲಿ ತಲೆಭಾಗದ ಉದ್ದ, 10 ಮತ್ತು 11ರಲ್ಲಿ ಒಂದು ಸಾಲಿನ ಉದ್ದ ಇರುತ್ತದೆ. ಉದಾಹರಣೆಗೆ ಹತ್ತು ಫೀಲ್ಡ್‌ಗಳ ಟೇಬಲ್ ತೆಗೆದುಕೊಳ್ಳಿ. ತಲೆಭಾಗ 616 ಬೈಟ್, ಒಂದು ಸಾಲು 92 ಬೈಟ್, ಫೈಲಿನ ಒಟ್ಟು ಗಾತ್ರ 16,78,697 ಬೈಟ್. ಕೊನೆಯ ಒಂದು ಬೈಟ್ ಫೈಲ್ ಮುಗಿಯಿತು ಅನ್ನುವ ಗುರುತು. ಅದನ್ನೂ ತಲೆಭಾಗವನ್ನೂ ಕಳೆದರೆ 16,78,080. 92ರಿಂದ ಭಾಗಿಸಿದರೆ 18,240 ಸಾಲು. ತಲೆಭಾಗದಲ್ಲಿ 18,252 ಅಂತಿದ್ದರೆ ಸಿಕ್ಕಿತಲ್ಲ ಕಳ್ಳ! 18,240ನ್ನು ಹೆಕ್ಸ್‌ಗೆ ತಿರುಗಿಸಿ, ಚಿಕ್ಕ ಬೈಟ್ ಮೊದಲು ಬರುವ ಹಾಗೆ 40 47 00 00 ಅಂತ ಬರೆಯಿರಿ. ಭಾಗಿಸಿದಾಗ ಶೇಷ ಉಳಿದರೆ ಕೊನೆಯ ಸಾಲು ಅರ್ಧ ಬರೆದಿದೆ ಅಂತ ಅರ್ಥ. ಅದನ್ನು ಕಾಗದದ ರಸೀದಿ ನೋಡಿ ಮತ್ತೆ ಹಾಕಿಸಿ. ಫೋನಿನಲ್ಲೇ ಇಷ್ಟು ಹೇಳಿದೆ, ಆ ಹುಡುಗನ ಟೇಬಲ್ ತೆರೆಯಿತು.

ಇದಾದ ಮೇಲೆ ಇಂಡೆಕ್ಸ್, ಅಂದರೆ ಸಾಲುಗಳನ್ನು ಬೇಗ ಹುಡುಕಲು ಇರುವ ಸೂಚಿ. ಇಲ್ಲಿ 'ರೀಇಂಡೆಕ್ಸ್' ಕಮಾಂಡನ್ನು ನಂಬಬೇಡಿ. ಅದು ಹಳೇ ಇಂಡೆಕ್ಸ್ ಫೈಲಿನಲ್ಲಿರುವ ಮಾಹಿತಿಯನ್ನೇ ನೋಡಿ ಕೆಲಸ ಮಾಡುತ್ತದೆ. ಆ ಫೈಲೇ ಕೆಟ್ಟಿದ್ದರೆ ಪ್ರಯೋಜನವಿಲ್ಲ. ಟ್ಯಾಗುಗಳ (ಆ ಫೈಲಿನೊಳಗಿನ ಒಂದೊಂದು ಇಂಡೆಕ್ಸ್) ಹೆಸರು ಮತ್ತು ಕೀ ಬರೆದಿಟ್ಟುಕೊಂಡು, ಎಲ್ಲ ಟ್ಯಾಗ್ ಅಳಿಸಿ, ಹೊಸದಾಗಿ ಕಟ್ಟಿ. ಡಿಬಿಸಿ (ಟೇಬಲ್ಲುಗಳನ್ನು ಒಟ್ಟಿಗೆ ಸೇರಿಸುವ ಡೇಟಾಬೇಸ್ ಫೈಲು) ಒಳಗಿನ ಟೇಬಲ್ ಆದರೆ ಪ್ರೈಮರಿ ಕೀ, ರಿಲೇಷನ್ ಎಲ್ಲವನ್ನೂ ಮೊದಲು ಬರೆದಿಟ್ಟುಕೊಳ್ಳಿ. ಎಷ್ಟೇ ರಿಪೇರಿ ಗೊತ್ತಿದ್ದರೂ ಯುಪಿಎಸ್ ಇಲ್ಲದೆ ಫಾಕ್ಸ್‌ಪ್ರೋ ಓಡಿಸಬಾರದು. ಬ್ಯಾಟರಿ ಹಳೆಯದಾಗಿದ್ದರೆ ಬದಲಿಸಿಕೊಡಿ ಅಂತ ಮಾಲೀಕರಿಗೆ ಧೈರ್ಯವಾಗಿ ಹೇಳಿ.

ನನಗೆ ಇದರ ಮೇಲೆ ನಿಜವಾದ ಬೇಸರ ಇರುವುದು ಕನ್ನಡದ ವಿಷಯಕ್ಕೆ. ಫಾಕ್ಸ್‌ಪ್ರೋಗೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಕೋಡ್ ಪದ್ಧತಿ) ಬರುವುದಿಲ್ಲ. ಹಾಗಾಗಿ ಆಗಿನವರು ನುಡಿ ಫಾಂಟ್ ಬಳಸಿ ಹೆಸರು ತುಂಬಿದರು. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡ್. ಫಾಂಟ್ ತೆಗೆದರೆ ಏನೂ ಓದಲಾಗದು. ಹೆಸರಿನ ಮೇಲೆ ಇಂಡೆಕ್ಸ್ ಕಟ್ಟಿದರೂ ಅಕಾರಾದಿ ಕ್ರಮ ಸರಿಯಾಗಿ ಬರುವುದಿಲ್ಲ.

ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತನ್ನು ಮರೆಯಬೇಡಿ. ನುಡಿಯಲ್ಲಿ ಅರ್ಕಾವತ್ತಿನ ಕೋಡ್ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಬರೀ ಕೋಡಿಗೆ ಕೋಡ್ ಬದಲಿಸುವ ಪ್ರೋಗ್ರಾಂ ಬರೆದರೆ ಪಾರ್ವತಮ್ಮ 'ಪಾವರ್ತಮ್ಮ' ಆಗುತ್ತಾರೆ, ಧರ್ಮೇಗೌಡರು 'ಧಮೇರ್ಗೌಡ' ಆಗುತ್ತಾರೆ. ಒಬ್ಬ ಕೂಲಿಯಾಳಿನ ಹೆಸರು ಚೆಕ್‌ರೋಲಿನಲ್ಲಿ ತಪ್ಪಾಗಿ, ಆಧಾರ್‌ನಲ್ಲಿ ಬೇರೆ ಇದ್ದರೆ ಪಿಎಫ್ ಹಣ ತೆಗೆಯಲು ಅವರು ಎಷ್ಟು ಅಲೆಯಬೇಕಾಗುತ್ತದೆ ಯೋಚನೆ ಮಾಡಿ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಅರ್ಕಾವತ್ತು ಇರುವ ಹೆಸರುಗಳನ್ನೆಲ್ಲ ಬೇರೆ ಪಟ್ಟಿ ಮಾಡಿ. ಅದನ್ನು ರೈಟ್ರ ಪಕ್ಕ ಕೂತು ಒಂದೊಂದಾಗಿ ಓದಿಸಿ. ಇದಕ್ಕೆ ಅಡ್ಡದಾರಿ ಇಲ್ಲ.

ಇನ್ನೊಂದು ಅಪಾಯ ಕೋಡ್‌ಪೇಜ್, ಅಂದರೆ ಯಾವ ಕೋಡ್ ಯಾವ ಅಕ್ಷರ ಅನ್ನುವ ಪಟ್ಟಿ. ಡಾಸ್ ಕಾಲದ ಗುರುತು ಇರುವ ಟೇಬಲ್ಲನ್ನು ತೆರೆದಾಗ ಫಾಕ್ಸ್‌ಪ್ರೋ ತಾನಾಗಿಯೇ ಅಕ್ಷರ ಬದಲಿಸಲು ಹೋಗುತ್ತದೆ. ಅದರಿಂದ ನುಡಿಯ ಕೋಡ್ ಹಾಳಾಗುತ್ತದೆ. ಅಂಥ ಫೀಲ್ಡ್‌ಗಳಿಗೆ 'ಸೆಟ್ ನೋಸಿಪಿಟ್ರಾನ್ಸ್' ಕೊಟ್ಟು ಮುಂದೆ ಹೋಗಿ.

ಉಳಿದ ಕೊರತೆಗಳು ಎಲ್ಲರಿಗೂ ಗೊತ್ತಿರುವವೇ. ಒಂದು ಟೇಬಲ್ 2 ಜಿಬಿ ದಾಟುವಂತಿಲ್ಲ. ನಮ್ಮ ಕಡೆಯ ಲೆಕ್ಕಕ್ಕೆ ಅದು ಸಾಕಾದೀತು. 64 ಬಿಟ್ ಇಲ್ಲ, ಹಾಗಾಗಿ ಬೇರೆ ಪ್ರೋಗ್ರಾಂಗಳು ಡೇಟಾ ಓದಲು ಬಳಸುವ ಇದರ ಓಎಲ್‌ಇ ಡಿಬಿ ಡ್ರೈವರ್ 64 ಬಿಟ್ ಪ್ರೋಗ್ರಾಂಗಳಿಗೆ ಕಾಣುವುದೇ ಇಲ್ಲ. "ಡ್ರೈವರ್ ಹಾಕಿದೀನಿ ಆದ್ರೂ ಬರ್ತಿಲ್ಲ" ಅನ್ನುವವರು ಮೊದಲು ಇದನ್ನು ನೋಡಿ. ಫೋಲ್ಡರ್ ಸಿಕ್ಕವರಿಗೆಲ್ಲ ಡೇಟಾ ಸಿಗುತ್ತದೆ, ಗುಟ್ಟು ಅನ್ನುವುದೇ ಇಲ್ಲ. ಸೊಸೈಟಿಯ ಸಾಲದ ಖಾತೆಗೆ ಇದು ದೊಡ್ಡ ಕೊರತೆ.

ಇದರ ಜೊತೆಗೆ ನಾನು ಬಳಸುವ ಸಾಧನಗಳಲ್ಲಿ ಮೊದಲನೆಯದು ಫಾಕ್ಸ್‌ಬಿನ್2ಪಿಆರ್‌ಜಿ. ವಿಎಫ್‌ಪಿಎಕ್ಸ್ ಗುಂಪಿನವರು ಉಚಿತವಾಗಿ ಕೊಡುವ ಸಾಧನ ಇದು. ಫಾರಂಗಳನ್ನು ಸಾದಾ ಪಠ್ಯವಾಗಿ ಮಾಡಿಕೊಡುತ್ತದೆ. ಆಮೇಲೆ ಗಿಟ್‌ನಲ್ಲಿ ಇಡಬಹುದು, ಯಾರು ಏನು ಬದಲಿಸಿದರು ಅಂತ ನೋಡಬಹುದು. ಕಂಪನಿ ಕೈಬಿಟ್ಟ ಮೇಲೂ ಇಂಥವರು ದುಡಿದಿದ್ದಕ್ಕೇ ನಮ್ಮ ಕೆಲಸ ನಡೆಯುತ್ತಿದೆ, ಅವರಿಗೆ ನಾನು ಋಣಿ. ಫಾಕ್ಸ್‌ಪ್ರೋ ಇಲ್ಲದ ಕಂಪ್ಯೂಟರಿನಲ್ಲಿ ಡಿಬಿಎಫ್ ಓದಲು ಪೈಥಾನ್‌ನ ಡಿಬಿಎಫ್‌ರೀಡ್ ಸಾಕು. ಡೇಟಾದ ಹೊಸ ಮನೆಗೆ ನಾನು ಹೇಳುವುದು, ಒಬ್ಬರೇ ಬಳಸುವ ಎಸ್ಟೇಟ್ ಲೆಕ್ಕಕ್ಕೆ ಎಸ್‌ಕ್ಯೂಲೈಟ್, ನಾಲ್ಕಾರು ಜನ ಕೂರುವ ಕಡೆ ಪೋಸ್ಟ್‌ಗ್ರೆಸ್. ಎರಡನ್ನೂ ಡಿಬೀವರ್‌ನಲ್ಲಿ ತೆರೆದು ನೋಡಬಹುದು.

ಡೇಟಾ ಹೊರತೆಗೆಯುವಾಗ ಸಿಎಸ್‌ವಿಗೆ ಕಾಪಿ ಕೊಟ್ಟರೆ ಮೆಮೋ (ಉದ್ದ ಬರಹದ) ಫೀಲ್ಡ್‌ಗಳು ಬರುವುದಿಲ್ಲ, ಎರರ್ ಕೂಡ ತೋರಿಸುವುದಿಲ್ಲ. ಷರಾ, ವಿಳಾಸ ಎಲ್ಲ ಇರುವುದು ಅಲ್ಲೇ ಅಲ್ವಾ? ಅವುಗಳಿಗೆ ಚಿಕ್ಕ ಪ್ರೋಗ್ರಾಂ ಬೇರೆ ಬರೆಯಬೇಕು. ದಿನಾಂಕಗಳನ್ನು 'ಡಿಟಿಒಎಸ್' ಹಾಕಿ ವರ್ಷ, ತಿಂಗಳು, ದಿನದ ಕ್ರಮದಲ್ಲಿ ತೆಗೆಯಿರಿ. ಇಲ್ಲದಿದ್ದರೆ ಜನವರಿ 3 ಯಾವುದು, ಮಾರ್ಚ್ 1 ಯಾವುದು ಅಂತ ಆಮೇಲೆ ಹೇಳಲಾಗದು. 'ಸೆಟ್ ಡಿಲೀಟೆಡ್ ಆನ್' ಇದೆಯಾ ನೋಡಿಕೊಳ್ಳಿ. ಆಫ್ ಇದ್ದರೆ ಎಂದೋ ಅಳಿಸಿದ ಸಾಲುಗಳು ಹೊಸ ಡೇಟಾಬೇಸಿನಲ್ಲಿ ಜೀವ ತಳೆದು ಕೂರುತ್ತವೆ. ಎಲ್ಲ ಮುಗಿದ ಮೇಲೆ ಒಂದೊಂದು ವರ್ಷದ ಪಾರ್ಚ್‌ಮೆಂಟ್, ಚೆರಿ ಕಿಲೋ ಮೊತ್ತ ಹಳೆಯದರಲ್ಲೂ ಹೊಸದರಲ್ಲೂ ತೆಗೆದು ತಾಳೆ ನೋಡಿ. ಒಂದು ಕಿಲೋ ವ್ಯತ್ಯಾಸ ಬಂದರೂ ಬಿಡಬೇಡಿ.

ಅರೇಬಿಕಾ ಕುಯ್ಲು ನವೆಂಬರಿನ ಹೊತ್ತಿಗೆ ಜೋರಾಗುತ್ತದೆ, ರೋಬಸ್ಟಾ ಮುಗಿಯುವಾಗ ಮಾರ್ಚ್. ಆ ತಿಂಗಳುಗಳಲ್ಲಿ ಯಾರ ಲೆಕ್ಕವನ್ನೂ ಬದಲಿಸಲು ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸಿ. ಹಳೇ ಪ್ರೋಗ್ರಾಮನ್ನು ಒಂದು ವರ್ಚುವಲ್ ಮೆಷೀನಿನಲ್ಲಿ, ಡೇಟಾ ಬದಲಿಸಲು ಆಗದ ಹಾಗೆ ಇಟ್ಟುಕೊಡಿ. ಆಡಿಟರು ಹಿಂದಿನ ವರ್ಷಗಳ ಬಿಲ್ಲು ಕೇಳಿದಾಗ ಅಲ್ಲಿಂದಲೇ ಪ್ರಿಂಟ್ ತೆಗೆಯಬಹುದು.