‘ಚೈನೀಸ್ ಎಲ್ಮ್’ ಎಂಬ ಚೀಟಿ ನಂಬಿ ಗಿಡ ಕೊಳ್ಳಬೇಡಿ

ಟೆಕ್ಸಾಸ್‌ನ ಆಸ್ಟಿನ್, ಡಲ್ಲಾಸ್ ಕಡೆ ಹೊಸದಾಗಿ ಮನೆ ಕೊಂಡು ಹಿತ್ತಲಿಗೆ ನೆರಳಿನ ಮರ ಹುಡುಕುತ್ತಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಲ್ಲಿ ‘ಚೈನೀಸ್ ಎಲ್ಮ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಮರ ಮಾರಾಟವಾಗುತ್ತವೆ. ಒಂದು ಲೇಸ್‌ಬಾರ್ಕ್ ಎಲ್ಮ್, ಅಂದರೆ ಉಲ್ಮಸ್ ಪಾರ್ವಿಫೋಲಿಯಾ. ಒಳ್ಳೆಯ ಮರ. ಇನ್ನೊಂದು ಸೈಬೀರಿಯನ್ ಎಲ್ಮ್, ಉಲ್ಮಸ್ ಪ್ಯುಮಿಲಾ. ನಮಗೆ ಕೊಟ್ಟಿದ್ದು ಈ ಎರಡನೆಯದನ್ನು.

ತೊಗಟೆ ಚಕ್ಕೆ ಚಕ್ಕೆಯಾಗಿ ಉದುರಿ ಒಳಗಿನ ಕಿತ್ತಳೆ, ಬೂದು ಬಣ್ಣ ಕಾಣುವ ಮರವೇ ಬೇಕೆಂದು ನಾವು ಬಿಡಿಸಿ ಹೇಳಿದ್ದೆವು. “ದೊಡ್ಡದಾದ ಮೇಲೆ ಹಾಗೇ ಆಗುತ್ತೆ” ಎಂದರು ನರ್ಸರಿಯವರು. ಎಳೆಯ ಗಿಡದ ತೊಗಟೆ ನೋಡಿ ಜಾತಿ ಹೇಳುವುದು ಕಷ್ಟವೇ. ಆ ಉತ್ತರ ಅದಕ್ಕೇ ನಿಜವೆನಿಸಿತು. ಗಿಡವೂ ಸರಸರನೆ ಬೆಳೆಯಿತು. ಆದರೆ ಮೊದಲ ಸಲ ಬೀಜ ಕಟ್ಟಿದಾಗ ಗುಟ್ಟು ಬಯಲಾಯಿತು. ಚಳಿ ಮುಗಿಯುವಷ್ಟರಲ್ಲಿ, ಎಲೆ ಚಿಗುರುವ ಮೊದಲೇ ಹೂ. ಹಿಂದೆಯೇ ಕೊಂಬೆ ತುಂಬ ತೆಳ್ಳನೆಯ ರೆಕ್ಕೆಯ ಗುಂಡು ಬೀಜ. ನಮ್ಮ ಕಡೆಯ ತಪಸಿ ಮರ ನೋಡಿದವರಿಗೆ ಆ ಬೀಜ ಥಟ್ಟನೆ ಗುರುತು ಸಿಗುತ್ತದೆ, ತಪಸಿಯೂ ಎಲ್ಮ್ ಕುಟುಂಬದ್ದೇ. ಲೇಸ್‌ಬಾರ್ಕ್ ಹೂ ಬಿಡುವುದು ಬೇಸಿಗೆ ಮುಗಿಯುವ ಹೊತ್ತಿಗೆ, ಬೀಜ ಮಾಗುವುದು ಎಲೆ ಉದುರುವ ಕಾಲಕ್ಕೆ. ಮಾರ್ಚ್, ಏಪ್ರಿಲ್‌ನಲ್ಲಿ ಬೀಜ ಚೆಲ್ಲುವ ಮರ ಲೇಸ್‌ಬಾರ್ಕ್ ಅಲ್ಲ.

ಆಮೇಲೆ ಶುರುವಾಯಿತು ಕಷ್ಟ. ಸೂರಿನ ದೋಣಿಯಲ್ಲಿ, ಬೇಲಿಯ ಬುಡದಲ್ಲಿ, ಪಕ್ಕದ ಮನೆಯವರ ಹೂವಿನ ಪಾತಿಯಲ್ಲಿ, ಎಲ್ಲೆಲ್ಲೂ ಅದರ ಸಸಿ. ಬೇಸಿಗೆಯಲ್ಲಿ ಎಲ್ಮ್ ಜೀರುಂಡೆಯ ಮರಿಗಳು ಹಸಿರು ಕೆರೆದು ತಿಂದು ಎಲೆಯ ನರಗಳನ್ನಷ್ಟೇ ಉಳಿಸಿದವು. 2023ರ ಫೆಬ್ರವರಿ ಆರಂಭದಲ್ಲಿ ಆಸ್ಟಿನ್‌ಗೆ ಮಂಜುಗಡ್ಡೆ ಕಟ್ಟುವ ಮಳೆ ಬಂತಲ್ಲ, ಅವತ್ತು ಊರಿನ ಗಟ್ಟಿ ಓಕ್‌ಗಳೇ ಮುರಿದವು. ಸೈಬೀರಿಯನ್ ಎಲ್ಮ್‌ನ ಪೆಡಸು ಕೊಂಬೆ ಹೇಗೆ ತಡೆದೀತು? ನಮ್ಮ ಮರ ಸೀಳಿ ಬೇಲಿಯ ಮೇಲೆ ಬಿತ್ತು. ಮಕ್ಕಳು ಆಡುವ ಜಾಗ ಅದು. ನರ್ಸರಿಗೆ ಹೋಗಿ ಕೇಳಿದರೆ, “ಎರಡಕ್ಕೂ ಜನ ಚೈನೀಸ್ ಎಲ್ಮ್ ಅಂತಲೇ ಕರೀತಾರೆ” ಎಂದು ಕೈತೊಳೆದುಕೊಂಡರು. ಬಿಲ್ಲಿನಲ್ಲೂ ಅಷ್ಟೇ ಬರೆದಿತ್ತು. ಕಡಿಸುವ ಖರ್ಚು ಪೂರ್ತಿ ನಮ್ಮ ತಲೆಗೆ ಬಂತು, ಬುಡದಿಂದ ಈಗಲೂ ಚಿಗುರು ಏಳುತ್ತಿದೆ.

ಸೈಬೀರಿಯನ್ ಎಲ್ಮ್ ಬರಕ್ಕೂ ಚಳಿಗೂ ಜಗ್ಗದು, ಹಾಗಾಗಿ 1930ರ ದಶಕದಲ್ಲಿ ಧೂಳಿನ ಬಿರುಗಾಳಿ ತಡೆಯಲು ಅಮೆರಿಕದ ಬಯಲು ಸೀಮೆಯಲ್ಲಿ ಇದನ್ನು ಸಾಲುಸಾಲಾಗಿ ನೆಟ್ಟರು. ಇಂದು ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯ ಇದನ್ನು ಹಾನಿಕರ ಕಳೆಗಳ ಪಟ್ಟಿಯಲ್ಲಿ ಇಟ್ಟಿದೆ.

ಕೊಳ್ಳುವಾಗ ವೈಜ್ಞಾನಿಕ ಹೆಸರನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಚಳಿಗಾಲದಲ್ಲಾದರೆ ಮೊಗ್ಗು ನೋಡಿ: ಸೈಬೀರಿಯನ್ನಿನ ಹೂಮೊಗ್ಗು ಕಪ್ಪಗೆ, ಗುಂಡಗೆ, ದಪ್ಪಗೆ ಎದ್ದು ಕಾಣುತ್ತದೆ. ಎಲೆ ಎರಡರದ್ದೂ ಚಿಕ್ಕದೇ, ಅಂಚಿನ ಹಲ್ಲೂ ಹೆಚ್ಚುಕಡಿಮೆ ಒಂದೇ ಥರ. ಲೇಸ್‌ಬಾರ್ಕಿನ ಎಲೆ ತುಸು ದಪ್ಪ, ಹೊಳಪು ಹೆಚ್ಚು. ಆದರೆ ಎಲೆಯೊಂದನ್ನೇ ನಂಬಿ ದುಡ್ಡು ಕೊಡಬೇಡಿ.

ನನ್ನನ್ನು ಕೇಳಿದರೆ ಇಲ್ಲಿಯದೇ ಆದ ಸೀಡರ್ ಎಲ್ಮ್, ಉಲ್ಮಸ್ ಕ್ರಾಸಿಫೋಲಿಯಾ, ಹಾಕಿ. ನಮ್ಮ ಸುಣ್ಣಕಲ್ಲಿನ ಮಣ್ಣಿಗೆ ಹೇಳಿ ಮಾಡಿಸಿದ್ದು. ಅದರ ಎಲೆ ಮುಟ್ಟಿದರೆ ಉಪ್ಪುಕಾಗದದಷ್ಟು ಒರಟು, ಎಳೆ ರೆಂಬೆಗಳ ಮೇಲೆ ಬೆಂಡಿನಂಥ ಏಣುಗಳಿರುತ್ತವೆ. ಅಮೆರಿಕನ್ ಎಲ್ಮ್ ಮೇಲೇ ಆಸೆಯಿದ್ದರೆ ಎಲ್ಮ್ ಮರಗಳನ್ನು ಒಣಗಿಸಿ ಕೊಲ್ಲುವ ಶಿಲೀಂಧ್ರದ ‘ಡಚ್ ಎಲ್ಮ್ ರೋಗ’ ತಡೆದುಕೊಳ್ಳುವ ‘ಪ್ರಿನ್ಸ್‌ಟನ್’ ಅಥವಾ ‘ವ್ಯಾಲಿ ಫೋರ್ಜ್’ ತಳಿ ಕೇಳಿ. ಯಾವುದೇ ಆಗಲಿ, ಕುಂಡದಲ್ಲಿ ಸುತ್ತಿಕೊಂಡ ಬೇರು ಕತ್ತರಿಸಿ, ಕಾಂಡ ಬೇರಿಗೆ ಅಗಲವಾಗುವ ಭಾಗ ಮಣ್ಣಿನ ಮೇಲೆ ಕಾಣುವ ಹಾಗೆ ನೆಡಿ.