ಜನರೇಟರ್‌ಗೆ ಚೇಂಜ್‌ಓವರ್: ಕೈಯದ್ದೋ, ಆಟೋಮ್ಯಾಟಿಕ್ಕೋ?

ಉಡುಪಿಯ ಮಳೆಗಾಲಕ್ಕೆ 5 ಕೆವಿಎ ಸಿಂಗಲ್ ಫೇಸ್ ಜನರೇಟರ್ ತಂದವರಿಗೆ ಕೈ ಚೇಂಜ್‌ಓವರ್ (ಮನೆಯನ್ನು ಲೈನ್ ಕರೆಂಟಿನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್) ಸಾಕೆಂಬುದು ನಮ್ಮ ಅಭಿಪ್ರಾಯ. ಎರಡು ಪೋಲಿನದೇ ಬೇಕು: ಫೇಸ್, ನ್ಯೂಟ್ರಲ್ ಎರಡೂ ಬದಲಾಗಬೇಕು, ನಡುವೆ ಆಫ್ ಇರಬೇಕು. ಜನರೇಟರ್ ಕೊಡುವುದು ಸುಮಾರು 22 ಆಂಪಿಯರ್. ಆದರೆ ಸ್ವಿಚ್ಚಿನ ರೇಟಿಂಗ್ ಆರಿಸುವಾಗ ಮೆಸ್ಕಾಂ (ಇಲ್ಲಿಯ ವಿದ್ಯುತ್ ಕಂಪನಿ) ಕಡೆಯ ಮೇನ್ ಬ್ರೇಕರ್ ನೋಡಿ. 63 ಆಂಪಿಯರ್ ಮೇನ್‌ಗೆ 32ರ ಸ್ವಿಚ್ ಹಾಕಿದರೆ ಗೀಸರ್, ಎಸಿ ಒಟ್ಟಿಗೆ ಓಡಿದಾಗ ಸುಡುವುದು ಅದೇ.

ಆಟೋಮ್ಯಾಟಿಕ್‌ಗೆ ಸೆಲ್ಫ್ ಸ್ಟಾರ್ಟ್ ಜನರೇಟರ್ ಬೇಕು. ಹಗ್ಗ ಎಳೆಯುವ ಯಂತ್ರಕ್ಕೆ ಅದು ದಂಡ. ವಯಸ್ಸಾದವರಷ್ಟೇ ಇರುವ ಮನೆಗೆ ಆಟೋಮ್ಯಾಟಿಕ್ ಸರಿ. ಬಾವಿ ಪಂಪ್ ಮಾತ್ರ ಬೇರೆ ಸರ್ಕ್ಯೂಟಿನಲ್ಲಿರಲಿ, ಅದು ಹೊರಡುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಉಪ್ಪುಗಾಳಿಗೆ ಕಾಂಟ್ಯಾಕ್ಟುಗಳು ಹಾಳಾಗುತ್ತವೆ, ಮುಚ್ಚಿದ ಬಾಕ್ಸ್ ಬೇಕು.

ಚೇಂಜ್‌ಓವರ್ ಇಲ್ಲದೆ, ಎರಡೂ ತುದಿಗೆ ಪ್ಲಗ್ ಹಾಕಿದ ವಯರನ್ನು ಜನರೇಟರ್‌ನಿಂದ ಮನೆಯ ಸಾಕೆಟ್ಟಿಗೆ ಚುಚ್ಚುವುದು ಆಯ್ಕೆಯೇ ಅಲ್ಲ. ಮೇನ್ ಆಫ್ ಮಾಡಲು ಮರೆತರೆ ಟ್ರಾನ್ಸ್‌ಫಾರ್ಮರ್ ಜನರೇಟರಿನ 230 ವೋಲ್ಟನ್ನು 11,000ಕ್ಕೆ ಏರಿಸಿ, ಕಂಬದ ಮೇಲಿನ ಲೈನ್‌ಮನ್ ಕೈಗೆ ಕೊಡಬಲ್ಲದು.