ಒಂದೇ ಅಳತೆಯ ಎರಡು ಲೆನ್ಸ್, ಹತ್ತು ವರ್ಷದ ಬಳಕೆ

ಪ್ರತಿ ವರ್ಷ ಆಯುಧಪೂಜೆಯ ದಿನ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಹೂವು ಏರಿಸುವಾಗ ನನ್ನ ಹೆಂಡತಿ ಅದೇ ಪ್ರಶ್ನೆ ಕೇಳುತ್ತಾಳೆ: "ಎರಡು ಲೆನ್ಸಿನ ಮೇಲೂ 70-300 ಎಂದೇ ಬರೆದಿದೆಯಲ್ಲ, ಒಂದನ್ನು ಮಾರಬಾರದೇ?" ನ್ಯಾಯವಾದ ಪ್ರಶ್ನೆ. ಎರಡೂ 70ರಿಂದ 300 ಮಿ.ಮೀ.ವರೆಗೆ ಜೂಮ್ ಆಗುವವೇ; ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಮಾರಲು ಹೊರಟು ಎರಡು ಸಲ ಮನಸ್ಸು ಬದಲಿಸಿದ್ದೇನೆ.

ಹಳೆಯದು ನಿಕಾನ್ 2006ರಲ್ಲಿ ತಂದ ಎಎಫ್-ಎಸ್ 70-300 ಎಫ್/4.5-5.6 ವಿಆರ್. ವಿಆರ್ ಎಂದರೆ ಅಲುಗಾಟದಿಂದ ಚಿತ್ರ ಮಸುಕಾಗದಂತೆ ತಡೆಯುವ ವ್ಯವಸ್ಥೆ. ತೂಕ 745 ಗ್ರಾಂ, ಲೋಹದ ಮೌಂಟ್, ಅದರ ಸುತ್ತ ರಬ್ಬರ್ ಉಂಗುರ, ದೂರ ತೋರಿಸುವ ಪುಟ್ಟ ಕಿಟಕಿ. ಹೊಸದು 2016ರ ಎಎಫ್-ಪಿ ಡಿಎಕ್ಸ್ 70-300 ಎಫ್/4.5-6.3 ವಿಆರ್. ಬರೀ 415 ಗ್ರಾಂ; ಕೈಗೆತ್ತಿಕೊಂಡರೆ ಆಟಿಕೆಯೇನೋ ಎನಿಸುತ್ತದೆ. ಹಳೆಯದು ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರನ್ನು ತುಂಬುವಷ್ಟು ದೊಡ್ಡ ಬಿಂಬ ಬೀಳಿಸುತ್ತದೆ, ಹೊಸದು ಡಿಎಕ್ಸ್ ಎಂಬ ಚಿಕ್ಕ ಸೆನ್ಸರಿಗಾಗಿ ಮಾಡಿದ್ದು. ನನ್ನಲ್ಲಿ ಎರಡೂ ಬಗೆಯ ಕ್ಯಾಮೆರಾಗಳಿವೆ: ಫುಲ್ ಫ್ರೇಮಿನ ಡಿ750, ಡಿಎಕ್ಸಿನ ಡಿ7500. ಹೆಸರಿನಲ್ಲಿ ಒಂದು ಸೊನ್ನೆ ಹೆಚ್ಚಿರುವುದರ ಸೆನ್ಸರೇ ಚಿಕ್ಕದು. ಇದನ್ನು ಮನೆಯಲ್ಲಿ ವಿವರಿಸುವ ಗೋಜಿಗೆ ಹೋಗಿಲ್ಲ.

ಪರೀಕ್ಷೆಯ ಅಂಗಳ ನನಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ. ಬೆಳಿಗ್ಗೆ ಹಾವಕ್ಕಿಯೊಂದು ಒಣಕೊಂಬೆಯ ಮೇಲೆ ರೆಕ್ಕೆ ಹರವಿ ಬಿಸಿಲಿಗೆ ಕುಳಿತಿರುತ್ತದೆ. ಗಂಟೆಗಟ್ಟಲೆ ಕದಲದ ಅದಕ್ಕಿಂತ ಒಳ್ಳೆಯ ರೂಪದರ್ಶಿ ಬೇಕಿಲ್ಲ. ಅದರ ಬೆನ್ನಿನ ಬಿಳಿ ಗೆರೆಗಳನ್ನು ಹಳೆಯ ಲೆನ್ಸ್ 200 ಮಿ.ಮೀ.ವರೆಗೆ ಒಂದೊಂದಾಗಿ ಬಿಡಿಸಿ ತೋರಿಸುತ್ತದೆ. 300ಕ್ಕೆ ತಿರುಗಿಸಿ, ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದು ಎಫ್/5.6ರಲ್ಲಿ ತೆಗೆದರೆ ಗೆರೆಗಳ ಅಂಚು ಮೆತ್ತಗಾಗುತ್ತದೆ. ಇದು ಈ ಲೆನ್ಸಿನ ಹುಟ್ಟುಗುಣ, ಬಳಸಿದವರಿಗೆಲ್ಲ ಗೊತ್ತಿರುವುದೇ. ಕಿಂಡಿಯನ್ನು ಎಫ್/8ಕ್ಕೆ ಕಿರಿದಾಗಿಸಿದರೆ ಚೇತರಿಸಿಕೊಳ್ಳುತ್ತದೆ, ಆದರೆ ಬೆಳಗಿನ ಆರೂವರೆಯ ಬೆಳಕಿನಲ್ಲಿ ಎಫ್/8 ಎಂದರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಏರಿಸಲೇಬೇಕು. ಹೊಸದು 300ರಲ್ಲಿ ಎಫ್/6.3ರಲ್ಲೇ ಗೆರೆಗಳನ್ನು ಬಿಡಿಸುತ್ತದೆ. ಹಾಗಾಗಿ 5.6ರ ಕಿಂಡಿ ದೊಡ್ಡದು, 6.3ರದು ಚಿಕ್ಕದು ಎಂಬ ಹೋಲಿಕೆ ಕಾಗದದ ಮೇಲಷ್ಟೇ ನಿಲ್ಲುತ್ತದೆ.

ರಂಗನತಿಟ್ಟಿನ ದೋಣಿಯಲ್ಲಿ ಮಾತ್ರ ಕಥೆ ತಿರುಗಿತು. ಹಳೆಯ ಲೆನ್ಸಿನ ಪಕ್ಕದಲ್ಲೇ ವಿಆರ್ ಗುಂಡಿಗಳಿವೆ. ದೋಣಿ ಅಲುಗುವಾಗ ಹೆಬ್ಬೆರಳಿನಿಂದಲೇ 'ಆಕ್ಟಿವ್'ಗೆ ತಳ್ಳಬಹುದು. ಹೊಸದರ ಮೈಮೇಲೆ ಒಂದು ಸ್ವಿಚ್ಚೂ ಇಲ್ಲ, ಎಲ್ಲವೂ ಕ್ಯಾಮೆರಾದ ಮೆನುವಿನೊಳಗೆ. ಜೊತೆಗೆ ಅದು ಮಡಚಿಕೊಳ್ಳುವ ಲೆನ್ಸ್. ಗುಂಡಿ ಒತ್ತಿ ಜೂಮ್ ಉಂಗುರ ತಿರುಗಿಸಿ ಹೊರಗೆಳೆಯದಿದ್ದರೆ ಚಿತ್ರ ತೆಗೆಯುವುದಿಲ್ಲ. ಹುಟ್ಟು ಹಾಕುತ್ತಿದ್ದವರು ಬಂಡೆಯ ಹತ್ತಿರ ದೋಣಿ ನಿಲ್ಲಿಸಿ, "ಸಾರ್, ರೀವ ಹಕ್ಕಿ ನೋಡಿ, ಬಾಯಲ್ಲಿ ಮೀನಿದೆ" ಎಂದರು. ನಾನು ನೋಡಿದ್ದು, ಲೆನ್ಸನ್ನು ಹೊರಗೆಳೆಯಿರಿ ಎಂಬ ಪರದೆಯ ಸೂಚನೆಯನ್ನು. ಮೀನೂ ಹೋಯಿತು, ರೀವವೂ ಹೋಯಿತು.

ಇನ್ನು ಸೆನ್ಸರಿನ ಲೆಕ್ಕ. ಡಿಎಕ್ಸಿನಲ್ಲಿ 300 ಮಿ.ಮೀ. ನೋಟ ಫುಲ್ ಫ್ರೇಮಿನ 450ರಷ್ಟು ಕಿರಿದಾಗುತ್ತದೆ. ಲೆನ್ಸ್ ಉದ್ದವಾಗುವುದಿಲ್ಲ, ಬಿಂಬದ ನಡುಭಾಗವನ್ನಷ್ಟೇ ಸೆನ್ಸರ್ ಹಿಡಿಯುತ್ತದೆ. ಆದರೂ ಹಕ್ಕಿಗೆ ಲಾಭವಿದೆ: ಡಿ7500 ಆ ನಡುಭಾಗದಲ್ಲಿ 20.9 ಮೆಗಾಪಿಕ್ಸೆಲ್ ತುಂಬಿದರೆ, 24.3 ಮೆಗಾಪಿಕ್ಸೆಲ್ಲಿನ ಡಿ750 ಅಷ್ಟೇ ಜಾಗದಲ್ಲಿ ಸುಮಾರು 10ನ್ನು ಕೊಡುತ್ತದೆ. ಡಿಎಕ್ಸ್ ಲೆನ್ಸನ್ನು ಡಿ750ಕ್ಕೆ ಹಾಕಿದರೂ ಇದೇ ಗತಿ. ಕ್ಯಾಮೆರಾ ತಾನಾಗಿಯೇ ಚೌಕಟ್ಟನ್ನು ಕುಗ್ಗಿಸುತ್ತದೆ. ದೊಡ್ಡ ಸೆನ್ಸರಿಗೆ ದುಡ್ಡು ಸುರಿದು ಅರ್ಧಕ್ಕಿಂತ ಕಡಿಮೆ ಬಳಸಿದಂತೆ.

ಹೊಸದನ್ನು ಕೊಳ್ಳುವವರು ಮೊದಲು ತಮ್ಮ ಕ್ಯಾಮೆರಾದ ವಯಸ್ಸು ನೋಡಿಕೊಳ್ಳಬೇಕು. ನನ್ನ ಭಾವಮೈದುನನ ಬಳಿ 2008ರ ಡಿ90 ಇದೆ. ಪ್ರವಾಸಕ್ಕೆಂದು ಅವನು ಕೇಳಿದಾಗ ಯೋಚಿಸದೆ ಎಎಫ್-ಪಿ ಕೊಟ್ಟು ಕಳುಹಿಸಿದೆ. ಕೊಕ್ಕರೆ ಬೆಳ್ಳೂರಿನಿಂದ ಫೋನು ಬಂತು: "ಭಾವ, ಹುಣಸೆಮರದ ತುಂಬ ಹೆಜ್ಜಾರ್ಲೆಗಳು, ಫೋಕಸ್ಸೇ ಆಗುತ್ತಿಲ್ಲ." ಆಗುವುದೂ ಇಲ್ಲ. ಎಎಫ್-ಪಿಯ ಫೋಕಸ್ ಮೋಟರನ್ನು ಆ ಕ್ಯಾಮೆರಾ ಗುರುತಿಸುವುದಿಲ್ಲ. ಕೈಯಿಂದ ಉಂಗುರ ತಿರುಗಿಸಿದರೂ ಕೆಲಸ ಆ ಮೋಟರಿನ ಮೂಲಕವೇ ನಡೆಯಬೇಕು. ತಪ್ಪು ನನ್ನದೇ, ಹೊಂದಾಣಿಕೆಯ ಪಟ್ಟಿಯನ್ನು ನಿಕಾನ್ ಕೊಟ್ಟಿದೆ. ವಿಆರ್ ಇಲ್ಲದ ಜೋಡಿಯೊಂದೂ ಇದೇ ರೂಪದಲ್ಲಿ ಬಂದಿದೆ, ಹೆಸರಿನಲ್ಲಿ ಆ ಎರಡಕ್ಷರ ಹುಡುಕಿಯೇ ದುಡ್ಡು ಕೊಡಿ.

ಹಳೆಯದನ್ನು ಹುಡುಕುವವರು ಟಾರ್ಚ್ ಒಯ್ಯಲಿ. ಹಿಂಬದಿಯಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ, ಬೂಷ್ಟು ಹಿಡಿದಿದ್ದರೆ ಜೇಡನ ಎಳೆಯಂತೆ ಕಾಣುತ್ತದೆ. ಒಂದು ಮಳೆಗಾಲ ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ಚೀಲದೊಳಗೇ ಬಿಟ್ಟು ಬಂದಿದ್ದಕ್ಕೆ ನನ್ನದರ ಅಂಚಿನಲ್ಲೂ ಒಂದೆಳೆ ಉಳಿದಿದೆ. ಈಗ ಎರಡೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮಲಗುತ್ತವೆ.

ಡಿಎಕ್ಸ್ ಕ್ಯಾಮೆರಾ ಒಂದೇ ಇದ್ದು, ಅದು ಹೊಸದಾಗಿದ್ದರೆ, ಎಎಫ್-ಪಿ ಕೊಳ್ಳಿ, ಕುತ್ತಿಗೆಯೂ ಉಳಿಯುತ್ತದೆ. ಫುಲ್ ಫ್ರೇಮಿನವರು ಕೈಲಾದರೆ 2017ರ ಎಫ್ಎಕ್ಸ್ ಎಎಫ್-ಪಿ 70-300ಕ್ಕೆ ಹಣ ಕೂಡಿಡಲಿ, ಆಗದಿದ್ದರೆ ಹಳೆಯದನ್ನು 200ರ ಲೆನ್ಸ್ ಎಂದುಕೊಂಡು ಬಳಸಲಿ.

ನಾನೇಕೆ ಮಾರಲಿಲ್ಲ? ಜಂಬೂಸವಾರಿಯ ದಿನ ಅಂಬಾರಿ ಆನೆ ನಾವು ನಿಂತ ಜಾಗದ ಹತ್ತಿರಕ್ಕೇ ಬರುತ್ತದೆ. ಡಿಎಕ್ಸಿನಲ್ಲಿ 70 ಮಿ.ಮೀ. ಎಂದರೆ 105ರ ನೋಟ. ಅಂಬಾರಿ ಸಿಕ್ಕರೆ ಆನೆಯ ಕಾಲು ಇಲ್ಲ, ಕಾಲು ಸಿಕ್ಕರೆ ಅಂಬಾರಿ ಇಲ್ಲ. ಹಳೆಯ ಲೆನ್ಸನ್ನು ಡಿ750ಕ್ಕೆ ಹಾಕಿದರೆ ಎರಡೂ ಹಿಡಿಸುತ್ತವೆ.